ಹೆಡರ್ ತಿದ್ದಿದ ಮೇಲೆ ಮೇಕ್ ಹೇಳಿದ್ದನ್ನು ನಂಬಬೇಡಿ

ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಯ ಬಿಲ್ ಪ್ರೋಗ್ರಾಮಿನಲ್ಲಿ ಆದ ಎಡವಟ್ಟು ಇದು. ಸಿ ಭಾಷೆಯಲ್ಲಿ ಬರೆದದ್ದು, ಒಟ್ಟು ನಾಲ್ಕೈದು ಫೈಲು, ಅವುಗಳಲ್ಲಿ ಬದಲಾದವನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಕೆಲಸ ಮೇಕ್ ಎಂಬ ಉಪಕರಣದ್ದು. 50 ಕಿಲೋ ಅಡಿಕೆಗೆ ಕಿಲೋ 420ರ ಹಾಗೆ 21,000 ರೂಪಾಯಿ ಬರಬೇಕಾದಲ್ಲಿ ಬಿಲ್ಲಿನಲ್ಲಿ ಬಂದದ್ದು 550. ಕಂಪೈಲರ್ ಒಂದು ವಾರ್ನಿಂಗೂ ಕೊಟ್ಟಿರಲಿಲ್ಲ.

ಹಲವು ಸಿ ಫೈಲುಗಳು ಹಂಚಿಕೊಳ್ಳುವ ಅಡಿಕೆ.ಎಚ್ ಎಂಬ ಹೆಡರ್ ಫೈಲಿನ ಸ್ಟ್ರಕ್ಚರಿನಲ್ಲಿ (ಒಟ್ಟಿಗೆ ಕಟ್ಟಿಟ್ಟ ಮಾಹಿತಿ) ತೂಕ, ದರ ಎಂದು ಎರಡು ಇಂಟ್ (ಪೂರ್ಣಾಂಕ) ಇದ್ದವು. ಮಳೆಗಾಲದ ಮಾಲಿಗೆಂದು ಅವೆರಡರ ನಡುವೆ ತೇವಾಂಶ ಎಂಬ ಮೂರನೆಯದು ಸೇರಿತು. ಇಂಟ್ ಒಂದಕ್ಕೆ 4 ಬೈಟ್, ಹಾಗಾಗಿ 4ನೇ ಬೈಟಿನಲ್ಲಿದ್ದ ದರ 8ಕ್ಕೆ ಜಾರಿತು. ತೂಕ ಓದುವ ಫೈಲನ್ನೂ ಅದೇ ದಿನ ತಿದ್ದಿದ್ದರಿಂದ ಅದು ಹೊಸದಾಗಿ ಕಂಪೈಲ್ ಆಯಿತು. ಬಿಲ್.ಸಿ ಯಾರೂ ಮುಟ್ಟಿರಲಿಲ್ಲ, ಅದನ್ನು ಹಿಂದೆ ಕಂಪೈಲ್ ಮಾಡಿದಾಗ ಬಂದ ಹಳೆಯ ಬಿಲ್.ಓ ಹಾಗೇ ಉಳಿಯಿತು. ಅದು ದರವನ್ನು 4ನೇ ಬೈಟಿನಲ್ಲೇ ಹುಡುಕಿತು, ಸಿಕ್ಕಿದ್ದು ತೇವಾಂಶದ 11. .ಓಗಳನ್ನು ಒಂದು ಪ್ರೋಗ್ರಾಮಾಗಿ ಸೇರಿಸುವ ಲಿಂಕರ್ ಹೆಸರು ನೋಡಿ ಜೋಡಿಸುತ್ತದೆ ಅಷ್ಟೆ, ಸ್ಟ್ರಕ್ಚರ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇಕ್ ಕ್ಲೀನ್ ಹೊಡೆದು ಹಳೆಯ .ಓಗಳನ್ನು ಅಳಿಸಿ ಮತ್ತೆ ಮೇಕ್ ಮಾಡಿದರೆ ತಪ್ಪು ಮಾಯ. ಎಂತದ್ದೆಂದು ಹಿಡಿಯಲಿಕ್ಕೂ ಆಗದ ಜಾತಿಯ ತಪ್ಪು ಮಾರಾಯ್ರೆ.

ಇದರಲ್ಲಿ ಮೇಕ್ ಅನ್ನು ಬೈದು ಫಲವಿಲ್ಲ. 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದಂದಿನಿಂದ ಅದು ನೋಡುವುದು ಫೈಲುಗಳ ಸಮಯವನ್ನು, ಒಳಗೆ ಹೆಡರನ್ನು ಕರೆಯುವ ಇನ್‌ಕ್ಲೂಡ್ ಸಾಲುಗಳನ್ನಲ್ಲ. ಮೇಕ್‌ಗೆ ನಿಯಮ ಬರೆದಿಡುವ ಮೇಕ್‌ಫೈಲಿನಲ್ಲಿ ಬಿಲ್.ಓ ಮುಂದೆ ಬಿಲ್.ಸಿ ಮಾತ್ರ ಇದ್ದರೆ ಅಡಿಕೆ.ಎಚ್ ಅದರ ಲೆಕ್ಕಕ್ಕೇ ಇಲ್ಲ. ಪಟ್ಟಿಯನ್ನು ಕೈಯಲ್ಲಿ ಬರೆದರೂ ಹೆಡರಿನೊಳಗಿನ ಹೆಡರ್ ಒಂದಲ್ಲ ಒಂದು ದಿನ ಬಿಟ್ಟುಹೋಗುತ್ತದೆ.

ಆ ಕೆಲಸ ಕಂಪೈಲರಿಗೇ ಬಿಡಿ. ಜಿಸಿಸಿ ಇರಲಿ, ಕ್ಲ್ಯಾಂಗ್ ಇರಲಿ, ಮೇಕ್‌ಫೈಲಿನಲ್ಲಿ ಕಂಪೈಲರಿಗೆ ಕೊಡುವ ಆಯ್ಕೆಗಳ ಸಾಲಾದ ಸಿಫ್ಲ್ಯಾಗ್ಸ್‌ಗೆ -ಎಂಎಂಡಿ ಮತ್ತು -ಎಂಪಿ ಸೇರಿಸಿ, ಎಲ್ಲವೂ ದೊಡ್ಡಕ್ಷರದಲ್ಲಿ. ಕಂಪೈಲ್ ಆಗುವಾಗಲೇ ಪ್ರತಿ .ಓ ಪಕ್ಕ ಅದಕ್ಕೆ ಬೇಕಾದ ಹೆಡರುಗಳ ಪಟ್ಟಿಯಿರುವ ಒಂದು .ಡಿ ಫೈಲ್ ಬೀಳುತ್ತದೆ. -ಎಂಪಿ ಬೇಡ ಎಂದು ಬಿಡುವವರು ಬಹಳ. ಅದಿಲ್ಲದೆ ಒಂದು ಹೆಡರಿನ ಹೆಸರು ಬದಲಿಸಿ ನೋಡಿ: ಹಳೆಯ .ಡಿ ಆ ಹೆಸರನ್ನೇ ಕೇಳುತ್ತದೆ, ಮೇಕ್ ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಎಂದು ನಿಲ್ಲುತ್ತದೆ.

.ಡಿ ಫೈಲುಗಳನ್ನು ಸೇರಿಸುವ ಸಾಲು ಮೇಕ್‌ಫೈಲಿನ ಕೊನೆಯಲ್ಲಿರಲಿ, ಅದರ ಇನ್‌ಕ್ಲೂಡ್ ಪದ ಶುರುವಾಗುವ ಮೊದಲೇ ಒಂದು ಅಡ್ಡಗೆರೆ (-) ಇರಲಿ. ಆ ಗೆರೆ ಇದ್ದರೆ ಮೊದಲ ಸಲ .ಡಿ ಇಲ್ಲವೆಂದು ಮೇಕ್ ಗೊಣಗುವುದಿಲ್ಲ. ಸಾಲನ್ನು ಮೇಲೆ ಬರೆದಿರೋ, .ಡಿಯ ಮೊದಲ ಟಾರ್ಗೆಟ್ಟೇ (ಮೇಕ್ ಮಾಡಬೇಕಾದ ಫೈಲಿನ ಹೆಸರು) ಮುಖ್ಯ ಗುರಿಯಾಗಿ, ಒಂದು .ಓ ಮಾಡಿ ಮೇಕ್ ಕೈತೊಳೆದುಕೊಳ್ಳುತ್ತದೆ. ಹಳೆಯ .ಓಗಳಿಗೆ .ಡಿ ಇರುವುದಿಲ್ಲವಾದ್ದರಿಂದ ಈ ಬದಲಾವಣೆಯ ನಂತರ ಒಮ್ಮೆ ಮೇಕ್ ಕ್ಲೀನ್ ಆಗಲೇಬೇಕು.

ಹಳೆಯ ಪಾಠಗಳಲ್ಲಿರುವ, -ಎಂಎಂ ಆಯ್ಕೆಯಿಂದ ಹೆಡರ್ ಪಟ್ಟಿ ತೆಗೆದು ಸೆಡ್ ಎಂಬ ಉಪಕರಣದಿಂದ ತಿದ್ದುವ ಕಸರತ್ತನ್ನು ನಕಲು ಹೊಡೆಯಬೇಡಿ. -ಎಂಎಂ ಟಾರ್ಗೆಟ್ಟಿನ ಫೋಲ್ಡರ್ ಹೆಸರನ್ನು ಬಿಟ್ಟುಬಿಡುತ್ತದೆ. ನಿಮ್ಮ .ಓ ಫೈಲ್ ಬಿಲ್ಡ್ ಫೋಲ್ಡರಿನಲ್ಲಿದ್ದರೆ ಬರೀ ಬಿಲ್.ಓ ಎಂದು ಬರೆದ ನಿಯಮ ಯಾವುದಕ್ಕೂ ತಾಗುವುದಿಲ್ಲ, ಎರರೂ ಬರುವುದಿಲ್ಲ. -ಎಂಎಂಡಿಯಾದರೆ -ಓ ಆಯ್ಕೆಯ ಜೊತೆ ಕೊಟ್ಟ ಹೆಸರನ್ನೇ ಬಳಸುತ್ತದೆ.

ನಮ್ಮ ಕಡೆಯ ಇನ್ನೊಂದು ಉಪದ್ರ: ಆಟಿಯ ಮಳೆಗೆ ಕರೆಂಟ್ ಹೋಗಿ ಬಂದಾಗ, ಸಿಆರ್2032 ಬ್ಯಾಟರಿ ಸತ್ತ ಹಳೆಯ ಡೆಸ್ಕ್‌ಟಾಪಿನ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಆಗ ತಿದ್ದಿದ ಫೈಲ್ ಹಳೆಯ .ಓಗಿಂತ ಹಳತಾಗಿ ಕಾಣುತ್ತದೆ, ಮೇಕ್ ಅದನ್ನು ಮುಟ್ಟುವುದೇ ಇಲ್ಲ. ‘ಕ್ಲಾಕ್ ಸ್ಕ್ಯೂ’ ಎಂಬ ವಾರ್ನಿಂಗ್ ಬಂದರೆ ಸಮಯ ಸರಿಮಾಡಿ, ಮೇಕ್ ಕ್ಲೀನ್ ಹೊಡೆಯಿರಿ. .ಡಿ ಎಷ್ಟೇ ಸರಿಯಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲ ಕೂತಿದೆಯೇ ಎಂದು ನೋಡಲಿಕ್ಕೆ ಅಡಿಕೆ.ಎಚ್ ಮೇಲೆ ಟಚ್ ಕೊಟ್ಟು (ಅದರ ಸಮಯ ಈಗಿನದಾಗುತ್ತದೆ) ಮೇಕ್ -ಎನ್ ಓಡಿಸಿ, ಅದು ಏನನ್ನೂ ಮಾಡದೆ ಮಾಡಬೇಕಾದ ಸಾಲುಗಳನ್ನಷ್ಟೇ ತೋರಿಸುತ್ತದೆ. ಬಿಲ್.ಸಿಯ ಸಾಲು ಕಾಣದಿದ್ದರೆ ಬಿಲ್.ಡಿ ತೆರೆದು ಮೊದಲ ಪದ ಓದಿ. ಮೇಕ್‌ಫೈಲಿನಲ್ಲಿರುವ ಹೆಸರಿಗೂ ಅದಕ್ಕೂ ಒಂದಕ್ಷರ ಹೆಚ್ಚುಕಮ್ಮಿ ಇರಕೂಡದು.