ಮದುವೆಯೋ, ಸಿವಿಲ್ ಪಾರ್ಟ್‌ನರ್‌ಶಿಪ್ಪೋ?

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನೆಲೆಸಿರುವ ಸಲಿಂಗಿ ಜೋಡಿಗಳ ಮುಂದೆ ಇವತ್ತು ಎರಡೂ ದಾರಿಗಳಿವೆ. ಮದುವೆ ಎನ್ನದೆಯೇ ಜೋಡಿಯ ಸಂಬಂಧವನ್ನು ಕಾನೂನಿನಲ್ಲಿ ನೋಂದಾಯಿಸುವ ಸಿವಿಲ್ ಪಾರ್ಟ್‌ನರ್‌ಶಿಪ್ 2005ರ ಡಿಸೆಂಬರ್‌ನಲ್ಲೇ ಬಂತು. ಮದುವೆಗಾಗಿ 2014ರ ಮಾರ್ಚ್‌ವರೆಗೂ ಕಾಯಬೇಕಾಯಿತು.

ತೆರಿಗೆ, ಉತ್ತರಾಧಿಕಾರ, ಸಂಗಾತಿಯ ವೀಸಾ ಇವುಗಳಲ್ಲೆಲ್ಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಎರಡಕ್ಕೂ ಕನಿಷ್ಠ 28 ದಿನ ಮೊದಲೇ ನೋಟಿಸ್ ಕೊಡಬೇಕು.

ಮದುವೆ ಕೂಡಿಬರುವುದು ಮಾತಿನಿಂದ: ಸಾಕ್ಷಿಗಳೆದುರು ಇಬ್ಬರೂ ನಿಗದಿತ ಮಾತುಗಳನ್ನು ಹೇಳಲೇಬೇಕು. ಪಾರ್ಟ್‌ನರ್‌ಶಿಪ್‌ಗೆ ಸಹಿ ಸಾಕು. ಧಾರ್ಮಿಕ ವಿಧಿಯೇ ಬೇಕೆಂದರೆ ಮದುವೆಯೇ ಆಗಬೇಕು. ಕ್ವೇಕರ್‌ಗಳೆಂಬ ಕ್ರೈಸ್ತ ಪಂಗಡದವರು ಮಾಡಿಸುತ್ತಾರೆ, ಚರ್ಚ್ ಆಫ್ ಇಂಗ್ಲೆಂಡ್ ಮಾಡಿಸುವುದಿಲ್ಲ. ಮದುವೆಯೆಂಬ ಪದಕ್ಕೆ ಅಂಟಿಕೊಂಡ ಯಜಮಾನಿಕೆಯ ಇತಿಹಾಸವೇ ಬೇಡ ಎನ್ನುವವರಿಗೆ ಪಾರ್ಟ್‌ನರ್‌ಶಿಪ್ ಹಿತ. ಗಂಡು-ಹೆಣ್ಣಿನ ಜೋಡಿಯೊಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಹೋರಾಡಿದ ಮೇಲೆ, 2019ರ ಕೊನೆಯ ದಿನದಿಂದ ಅಂಥವರಿಗೂ ಅದು ಸಿಕ್ಕಿತು.

ಆದರೂ ನನ್ನ ಒಲವು ಮದುವೆಯ ಕಡೆಗೇ. ನಾಳೆ ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದರೆ, ಮದುವೆಯನ್ನು ಒಪ್ಪಿ ಪಾರ್ಟ್‌ನರ್‌ಶಿಪ್ಪನ್ನು ಒಪ್ಪದ ದೇಶಗಳಿವೆ. ಆಸ್ಪತ್ರೆಯ ಬಾಗಿಲಲ್ಲಿ ‘ನಾನು ಇವರಿಗೆ ಏನಾಗಬೇಕು’ ಎಂದು ವಿವರಿಸುವ ಪಾಡು ಯಾರಿಗೂ ಬರಬಾರದು. ಈಗಾಗಲೇ ಪಾರ್ಟ್‌ನರ್‌ಶಿಪ್ ಆಗಿದ್ದರೆ ಅದನ್ನು ಮದುವೆಯಾಗಿ ಬದಲಿಸಿಕೊಳ್ಳಬಹುದು, ಲೆಕ್ಕ ಮೊದಲ ದಿನಾಂಕದಿಂದಲೇ. ಮದುವೆಯಿಂದ ಪಾರ್ಟ್‌ನರ್‌ಶಿಪ್‌ಗೆ ಮಾತ್ರ ಹಾಗೆ ಬದಲಾಗಲು ಬರುವುದಿಲ್ಲ.

ಊರಿಗೆ ಮರಳುವ ಕನ್ನಡಿಗರು ಗಮನಿಸಿ: 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಮದುವೆಯಲ್ಲದ ಕಾನೂನುಬದ್ಧ ಸಂಬಂಧವಾದ ಸಿವಿಲ್ ಯೂನಿಯನ್ನಿನ ಹಕ್ಕಿಗೂ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳಷ್ಟೇ ಒಲಿದರು. ಹಾಗಾಗಿ ಯಾವ ದಾರಿ ಹಿಡಿದರೂ, ಭಾರತದಲ್ಲಿರುವ ನಿಮ್ಮ ಸ್ವಂತ ಆಸ್ತಿಗೆ ಸಂಗಾತಿಯ ಹೆಸರಲ್ಲಿ ವಿಲ್ ಬರೆದಿಡಿ.