'ಸೊನ್ನೆ ಡಿಗ್ರಿ' ಚೀಲ, 'ಒಂದೂವರೆ ಕಿಲೋ' ಟೆಂಟ್: ಈ ಸೆಟ್ ತರಿಸುವ ಮೊದಲು ಓದಿ

ಆನ್‌ಲೈನಿನಲ್ಲಿ 'ಹಂಟಿಂಗ್ ಕಿಟ್' ಎಂದು ಒಂದು ಹಗುರ ಸೆಟ್ ಮಾರಾಟಕ್ಕಿದೆ. ಇಬ್ಬರು ಮಲಗುವ ಟೆಂಟ್, ಎರಡು ಸ್ಲೀಪಿಂಗ್ ಬ್ಯಾಗ್ (ಮಲಗುವ ಚೀಲ), ಗಾಳಿ ತುಂಬುವ ಎರಡು ಹಾಸಿಗೆ. ಕಲಬುರಗಿಯಿಂದ ನಾವು ನಾಲ್ವರು ಇಂಥ ಎರಡು ಸೆಟ್ ತರಿಸಿ, ಡಿಸೆಂಬರ್ ಕೊನೆಗೆ ಚಿಂಚೋಳಿ ಕಾಡಿನ ಹೊರಗೆ ಪರಿಚಯದವರ ತೊಗರಿ ಹೊಲದ ಬದುವಿನಲ್ಲಿ ಹಾಕಿದೆವು. ನಸುಕಿನ ನಾಲ್ಕಕ್ಕೆ ನಾಲ್ವರೂ ಜೀಪಿನೊಳಗಿದ್ದೆವು. ಕಥೆ ಅಷ್ಟೇ. ಯಾವುದು ಎಲ್ಲಿ ಕೈಕೊಟ್ಟಿತು, ಯಾಕೆ ಕೈಕೊಟ್ಟಿತು ಅನ್ನುವುದನ್ನು ಮಾತ್ರ ಕೆಳಗೆ ಬರೆದಿದೆ.

ಮೊದಲು ಆ 'ಹಂಟಿಂಗ್' ಹೆಸರಿನ ಬಗ್ಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ, ಅನುಮತಿ ಇಲ್ಲದೆ ಒಳಗೆ ರಾತ್ರಿ ಉಳಿಯುವಂತಿಲ್ಲ. ಮಿಲಿಟರಿ ಬಣ್ಣದ ಟೆಂಟ್ ಹಾಕಿಕೊಂಡು ಅಂಚಿನಲ್ಲಿ ಕೂತರೆ ಗಾರ್ಡ್ ಬಂದು ವಿಚಾರಿಸದೆ ಬಿಡುವುದಿಲ್ಲ, ವಿಚಾರಿಸಬೇಕಾದ್ದೇ. ಈ ಸಾಮಾನು ಹುಟ್ಟಿದ್ದು ಅಮೆರಿಕದ ಎತ್ತರದ ಬೆಟ್ಟಗಳಲ್ಲಿ ವಾರಗಟ್ಟಲೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೆನ್ನು ಹತ್ತುವವರಿಗಾಗಿ. ಅವರಲ್ಲಿ ತಳವಿಲ್ಲದ, ನಡುವೆ ಒಂದೇ ಕಂಬದ ಟೆಂಟಿಗೆ ಬೇಡಿಕೆ ಜಾಸ್ತಿ. ತಳ ತೆಗೆದರೆ ಭಾರ ಇಳಿಯುತ್ತದೆ, ಒಳಗೆ ಪುಟ್ಟ ಒಲೆ ಇಟ್ಟು ಹೊಗೆ ಕೊಳವೆ ಹೊರಗೆ ಬಿಡಬಹುದು. ನಮ್ಮ ಎರಿ ಹೊಲ ಚಳಿಗಾಲಕ್ಕೆ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಚೇಳು ಹಾವು ಅದರೊಳಗೇ ಇರುತ್ತವೆ. ತಳವಿಲ್ಲದ ಟೆಂಟ್ ಇಲ್ಲಿ ಬೇಡವೇ ಬೇಡ. ಒಣಹುಲ್ಲಿನ ನಡುವೆ ಒಲೆಯ ಮಾತಂತೂ ಎತ್ತಲೇಬೇಡಿ.

ನಮಗೆ ಬಂದದ್ದು ತಳ ಇದ್ದ, ಆದರೆ ಒಂದೇ ಪದರದ ಟೆಂಟ್. ರಾತ್ರಿಯಿಡೀ ಇಬ್ಬರ ಉಸಿರಿನಲ್ಲಿ ಲೋಟಗಟ್ಟಲೆ ನೀರು ಹೊರಬರುತ್ತದೆ. ಮೋಡವಿಲ್ಲದ ರಾತ್ರಿ ಬಟ್ಟೆ ಹೊರಗಿನ ಗಾಳಿಗಿಂತಲೂ ತಣ್ಣಗಾಗಿ, ಆ ಉಸಿರು ಒಳಮೈಗೆ ಹನಿಯಾಗಿ ಕಟ್ಟುತ್ತದೆ. ಗಾಳಿಗೆ ಬಟ್ಟೆ ಅಲುಗಿದರೆ ಹನಿಯೆಲ್ಲ ಮುಖದ ಮೇಲೆ. ಟೆಂಟ್ ಸೋರುತ್ತಿದೆ ಎಂದು ಎಲ್ಲರೂ ಅಂದುಕೊಳ್ಳುವುದು ಇದನ್ನೇ. ಒಳಗೆ ಜಾಲರಿ, ಅದರ ಮೇಲೆ ಒಂದು ಗೇಣು ಬಿಟ್ಟು ಹೊರ ಹೊದಿಕೆ, ಎದುರುಬದುರು ಎರಡು ಗಾಳಿಕಿಂಡಿ ಇರುವ ಟೆಂಟ್ ನೋಡಿ. ಚಳಿ ಎಂದು ಕಿಂಡಿ ಮುಚ್ಚಿದಿರೋ, ಎರಡು ಪದರ ಇದ್ದೂ ಪ್ರಯೋಜನವಿಲ್ಲ.

ಮಳೆ ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹೊರ ಹೊದಿಕೆಗೆ 1500, ತಳಕ್ಕೆ 3000 ಇದ್ದರೆ ಸಾಕು. ಆದರೆ ನೀರು ನುಗ್ಗುವುದು ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಒಳಗಡೆ ಹೊಲಿಗೆ ಮೇಲೆ ಪಾರದರ್ಶಕ ಟೇಪ್ ಅಂಟಿಸಿರಬೇಕು. ನಮ್ಮದರಲ್ಲಿ ಮಾಡಿನ ಹೊಲಿಗೆಗೆ ಮಾತ್ರ ಇತ್ತು, ನಾಲ್ಕು ಮೂಲೆಗೂ ಇರಲಿಲ್ಲ. ಕೆಳಗೆ ತಾಡಪತ್ರಿ ಹಾಸುವವರು ಅದನ್ನು ಟೆಂಟಿನ ತಳಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಚಿಕ್ಕದಾಗಿ ಮಡಿಚಿ. ಹೊರಗೆ ಚಾಚಿದರೆ ಮಾಡಿನಿಂದ ಇಳಿದ ನೀರು ಅದರ ಮೇಲೆ ಬಿದ್ದು ಸೀದಾ ನಿಮ್ಮ ಬೆನ್ನಿನ ಕೆಳಗೆ ಹರಿಯುತ್ತದೆ.

ಕಡ್ಡಿಗಳು ಫೈಬರ್ ಗ್ಲಾಸಿನವು. ಒಂದು ತುಂಡನ್ನು ಇನ್ನೊಂದರ ಲೋಹದ ಕೊಳವೆಯೊಳಗೆ ಪೂರ್ತಿ ಕೂರಿಸದೆ ಬಗ್ಗಿಸಿದರೆ ಕೊಳವೆಯ ಅಂಚಿನಲ್ಲಿ ಉದ್ದಕ್ಕೆ ಸೀಳುತ್ತದೆ, ಕಬ್ಬಿನ ಸಿಪ್ಪೆಯ ಹಾಗೆ. ಆ ಸೀಳು ಬಟ್ಟೆಯನ್ನೂ ಹರಿಯುತ್ತದೆ, ಅದರ ಸಿಬಿರು ಕೈಗೆ ಚುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ. ಅಲ್ಯೂಮಿನಿಯಂ ಕಡ್ಡಿಗೆ ದುಡ್ಡು ಹೆಚ್ಚು, ಆದರೂ ಅದನ್ನೇ ತಗೊಳ್ಳಿ. ಯಾವುದೇ ಇರಲಿ, ಕಡ್ಡಿ ಒಳಗೆ ಹೋಗುವಷ್ಟು ಅಗಲದ ಹತ್ತು ಸೆಂಟಿಮೀಟರ್ ಪೈಪ್ ತುಂಡು, ಸ್ವಲ್ಪ ಟೇಪ್ ಜೊತೆಗಿರಲಿ. ಮುರಿದ ಜಾಗಕ್ಕೆ ಅದನ್ನು ಸರಿಸಿ ಸುತ್ತಿದರೆ ರಾತ್ರಿ ಕಳೆಯುತ್ತದೆ.

ಗೂಟದ ವಿಷಯ ಯಾರೂ ಹೇಳುವುದಿಲ್ಲ, ನಮ್ಮ ಕಡೆ ಅದೇ ದೊಡ್ಡದು. ಸೆಟ್ಟಿನ ಜೊತೆ ಬರುವ ತಂತಿ ಗೂಟ ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಎರಡನೇ ಏಟಿಗೇ ಬಾಗುತ್ತದೆ. ಅಲ್ಲಿಗೆ ಹಾರ್ಡ್‌ವೇರ್ ಅಂಗಡಿಯ ಆರಿಂಚು ಮೊಳೆಯೇ ಸರಿ. ಹಸಿ ಎರಿ ಮಣ್ಣಿನಲ್ಲಿ ಅದೇ ಮೊಳೆ ಬೆಣ್ಣೆಯಿಂದ ಕಿತ್ತಂತೆ ಬರುತ್ತದೆ. ಅಲ್ಲಿ ಅಗಲ ರೆಕ್ಕೆಯ, ಒಂದು ಗೇಣಿನ ಗೂಟ ಬೇಕು, ಇಲ್ಲವೇ ಮಣ್ಣು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಒಂದಡಿ ಆಳದಲ್ಲಿ ಹೂಳಬೇಕು. ಶಹಾಬಾದ್ ಕಡೆಯ ಫರ್ಸಿ ಹಾಸು, ಯಾದಗಿರಿ ಗುಡ್ಡದ ಬಂಡೆ ಮೇಲಾದರೆ ಗೂಟದ ಆಸೆ ಬಿಡಿ. ಹಗ್ಗದ ತುದಿಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಕಟ್ಟಿ, ಆ ಕಲ್ಲಿಗೂ ಟೆಂಟಿಗೂ ನಡುವೆ ಹಗ್ಗದ ಮೇಲೆಯೇ ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿ ನಿಲ್ಲುತ್ತದೆ.

ಈಗ ಚೀಲ. ದೊಡ್ಡ ಅಕ್ಷರದಲ್ಲಿ '0 ಡಿಗ್ರಿ' ಎಂದಿತ್ತು. ಒಳಗಿನ ಸಣ್ಣ ಚೀಟಿಯಲ್ಲಿ ಮೂರು ಅಂಕಿ: ಕಂಫರ್ಟ್ 14, ಲಿಮಿಟ್ 10, ಎಕ್ಸ್‌ಟ್ರೀಮ್ 0. ಕಂಫರ್ಟ್ ಎಂದರೆ ನಿದ್ದೆ ಬರುವ ಥಂಡಿ. ಲಿಮಿಟ್ ಎಂದರೆ ಮುದುಡಿಕೊಂಡು ಹೇಗೋ ರಾತ್ರಿ ತಳ್ಳುವುದು. ಎಕ್ಸ್‌ಟ್ರೀಮ್ ಎಂದರೆ ಪ್ರಾಣ ಉಳಿಯಬಹುದು ಅಷ್ಟೇ, ನಿದ್ದೆಯ ಮಾತಿಲ್ಲ. ಮಾರುವವರು ಮೂರನೆಯದನ್ನು ಮುಂದೆ ಮುದ್ರಿಸುತ್ತಾರೆ. ಬೀದರ್, ಚಿಂಚೋಳಿ ಭಾಗದಲ್ಲಿ ಚಳಿ ಅಲೆ ಬಂದರೆ ನಸುಕಿಗೆ 10ಕ್ಕಿಂತ ಕೆಳಗೆ ಇಳಿಯುವುದು ಹೊಸತಲ್ಲ. ಹಾಗಾಗಿ ಕಂಫರ್ಟ್ 5 ಇರುವುದನ್ನೇ ಕೇಳಿ. ಸಿಂಥೆಟಿಕ್ ನಾರು ತುಂಬಿದ್ದಾದರೆ ಅದು ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ, ಹಕ್ಕಿ ಪುಕ್ಕದ್ದಾದರೆ ಒಂದು ಕಿಲೋ ಒಳಗೆ. ಎಂಟುನೂರು ಗ್ರಾಂ ಸಿಂಥೆಟಿಕ್ ಚೀಲ 'ಸೊನ್ನೆ ಡಿಗ್ರಿ' ಎಂದರೆ ಸುಳ್ಳು. ಎರಡು ತಾಸು ಬಿಡಿಸಿಟ್ಟು ಮುಟ್ಟಿ ನೋಡಿ, ಮೇಲಿನ ಪದರ ಎರಡು ಬೆರಳೂ ಉಬ್ಬದಿದ್ದರೆ ವಾಪಸ್ ಕಳಿಸಿ. ಪುಕ್ಕದ್ದು ಒದ್ದೆಯಾದರೆ ಉಂಡೆ ಕಟ್ಟುತ್ತದೆ, ಒಂದೇ ಪದರದ ಟೆಂಟಿಗೆ ಅದು ಜೋಡಿಯಲ್ಲ.

ಆದರೆ ನಮ್ಮನ್ನು ಎಬ್ಬಿಸಿದ್ದು ಚೀಲಕ್ಕಿಂತ ಕೆಳಗಿನ ಹಾಸಿಗೆ. ಮೈಭಾರಕ್ಕೆ ಚೀಲದ ಕೆಳಗಿನ ಪದರ ಅಪ್ಪಚ್ಚಿಯಾಗಿ ಕೆಲಸ ಬಿಡುತ್ತದೆ, ನೆಲದ ಥಂಡಿ ತಡೆಯಬೇಕಾದ್ದು ಹಾಸಿಗೆಯೇ. ಒಳಗೆ ಏನೂ ತುಂಬದ ಗಾಳಿ ಹಾಸಿಗೆಯಲ್ಲಿ ಗಾಳಿ ಸುತ್ತಾಡಿ ಬೆನ್ನಿನ ಬಿಸಿಯನ್ನು ನೆಲಕ್ಕೆ ದಾಟಿಸುತ್ತದೆ. ಸಾಲದ್ದಕ್ಕೆ ಜಾಲಿ ಮುಳ್ಳು. ಒಂದು ಹಾಸಿಗೆ ಹತ್ತು ಗಂಟೆಗೇ ಕುಸಿಯಿತು. ಹಾಸಿಗೆಯ ವಿವರದಲ್ಲಿ ಥಂಡಿ ತಡೆಯುವ ಶಕ್ತಿ ಹೇಳುವ ಆರ್-ವ್ಯಾಲ್ಯೂ ಎಂಬ ಅಂಕಿ ಹುಡುಕಿ, ನಮ್ಮ ಚಳಿಗೆ 2 ಸಾಕು. ಅಂಕಿಯೇ ಬರೆದಿಲ್ಲವಾದರೆ ಬಿಟ್ಟುಬಿಡಿ. ಹತ್ತು ಮಿಲಿಮೀಟರ್ ದಪ್ಪದ ಫೋಮ್ ಚಾಪೆ ಮುಳ್ಳಿಗೆ ಹೆದರುವುದಿಲ್ಲ, ಅದರ ಮೇಲೆ ಕುರಿ ಕಂಬಳಿ ಹಾಸಿದರೆ ಇನ್ನೂ ಒಳ್ಳೆಯದು. ಜೀಪ್ ಪಕ್ಕದಲ್ಲೇ ಮಲಗುವವರು ಮನೆಯ ಕೌದಿಯನ್ನೇ ತನ್ನಿ, ಬೆನ್ನ ಮೇಲೆ ಹೊರುವವರಿಗೆ ಮಾತ್ರ ಅದು ಭಾರ.

ತೂಕದ ಲೆಕ್ಕ: 'ಒಂದೂವರೆ ಕಿಲೋ' ಎಂದದ್ದು ಟೆಂಟಿನ ಬಟ್ಟೆ ಮತ್ತು ಕಡ್ಡಿಗೆ ಮಾತ್ರ. ಗೂಟ, ಹಗ್ಗ, ಟೆಂಟ್ ತುಂಬುವ ಚೀಲ ಸೇರಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 2.2 ಬಂತು. ರಿಟರ್ನ್ ದಿನ ಮುಗಿಯುವ ಮೊದಲು ಮಾಳಿಗೆ ಮೇಲೆ ಟೆಂಟ್ ಕಟ್ಟಿ, ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಟ್ಟು, ಮೂಲೆಗಳಲ್ಲಿ ಕೈಯಾಡಿಸಿ.

ಒಳ್ಳೆಯದೇ ಕೊಂಡರೂ ಬೇಸಿಗೆಗೆ ಅಟ್ಟದ ಮೇಲೆ, ತಗಡಿನ ಕೆಳಗೆ ಇಡಬೇಡಿ. ಟೆಂಟಿನ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪ ತೇವ ಮತ್ತು ಬಿಸಿ ಎರಡೂ ಸೇರಿದರೆ ಕೊಳೆಯುತ್ತದೆ. ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟು, ಮೂಗಿಗೆ ಹುಳಿ ವಾಂತಿಯ ವಾಸನೆ. ಅದಕ್ಕೆ ರಿಪೇರಿ ಇಲ್ಲ. ಪೂರ್ತಿ ಒಣಗಿಸಿ, ಸಡಿಲವಾಗಿ ಹತ್ತಿ ಬಟ್ಟೆಯ ಗಂಟು ಕಟ್ಟಿ ಮಂಚದ ಕೆಳಗಿಡಿ. ಸ್ಲೀಪಿಂಗ್ ಬ್ಯಾಗನ್ನು ಒತ್ತಿ ತುಂಬದೆ ಹ್ಯಾಂಗರಿಗೆ ನೇತುಹಾಕಿ.