ಬೋಲ್ಸಾ ರಸ್ತೆಯಲ್ಲಿ ಅಮ್ಮನ ಸೀರೆ ಆವ್ ಯಾಯ್ ಆಯಿತು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇರುವವರು ವಿಯೆಟ್ನಾಂ ಹೆಂಗಸರ ಉಡುಪು ಆವ್ ಯಾಯ್ ಬೇಕು ಅನಿಸಿದರೆ ದಯವಿಟ್ಟು ಆನ್‌ಲೈನಲ್ಲಿ ತರಿಸಬೇಡಿ. ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ, ಬೋಲ್ಸಾ ರಸ್ತೆಯಲ್ಲಿ ಅಳತೆ ಕೊಟ್ಟು ಹೊಲಿಸಿಕೊಳ್ಳಿ. ನಾನು ಮೊದಲು ರೆಡಿಮೇಡ್ ತರಿಸಿ ನೋಡಿದ್ದೆ. ಎದೆ ಸರಿ ಕೂತರೆ ಸೊಂಟ ಜೋಲು, ಸೊಂಟ ಹಿಡಿಸಿದರೆ ಉಸಿರು ಬಿಡೋಕೆ ಆಗಲ್ಲ. ನಮ್ಮ ಸೀರೆ ಬ್ಲೌಸ್ ಇದ್ದ ಹಾಗೇ ಇದು, ಮೈಗೆ ತಕ್ಕಂತೆ ಹೊಲಿದರೆ ಮಾತ್ರ ಚೆಂದ.

ಆವ್ ಯಾಯ್ ಅಂದರೆ ಉದ್ದ ಅಂಗಿ, ಅಷ್ಟೇ ಅರ್ಥ. ವಿಯೆಟ್ನಾಂನ ಉತ್ತರಕ್ಕಿರುವ ಹನೋಯಿ ಕಡೆಯವರು ಆವ್ ಝಾಯ್ ಅನ್ನುತ್ತಾರೆ, ದಕ್ಷಿಣದ ಸೈಗಾನ್ ಕಡೆಯವರದು ಆವ್ ಯಾಯ್. ದೂರದಿಂದ ಚೂಡಿದಾರ್ ಥರ ಕಾಣುತ್ತದೆ, ಆದರೆ ಸೀಳು ಸೊಂಟದ ಮೇಲಿಂದಲೇ ಶುರುವಾಗುತ್ತದೆ, ಒಳಗೆ ಅಗಲ ಪ್ಯಾಂಟು, ನಡೆಯುವಾಗ ಮುಂದೊಂದು ಹಿಂದೊಂದು ಸೆರಗು ಬಿಟ್ಟ ಹಾಗೆ ಹಾರಾಡುತ್ತದೆ.

ನಾನು ಹೋಗಿದ್ದು ಒಂದು ಪುಟ್ಟ ದರ್ಜಿ ಅಂಗಡಿಗೆ. ಎರಡು ಮಷಿನ್, ಒಂದು ಕನ್ನಡಿ, ಗೋಡೆ ತುಂಬ ರೇಷ್ಮೆ. ಹೊಲಿಯುವ ಅಮ್ಮನಿಗೆ ಇಂಗ್ಲಿಷ್ ಕಡಿಮೆ, ಮಗಳು ಮಾತು ದಾಟಿಸುತ್ತಿದ್ದಳು. ಅವರು ನನ್ನನ್ನು 'ಚೀ' ಅಂತ ಕರೆದರು, ಅಂದರೆ ಅಕ್ಕ. ಅಂಗಡಿಗೆ ಬಂದವರನ್ನೂ ಅಕ್ಕ, ಅಣ್ಣ, ಚಿಕ್ಕಮ್ಮ ಅಂತಲೇ ಕರೆಯುವ ಭಾಷೆ, ಕೇಳಿ ಮನೆಗೆ ಹೋದ ಹಾಗಾಯಿತು.

ನಾನು ಒಯ್ದಿದ್ದು ನನ್ನ ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆ. ನೆರಿಗೆ ಬರುವ ಕಡೆ ಹರಿದಿತ್ತು, ಉಡೋ ಹಾಗಿರಲಿಲ್ಲ, ಬೀರುವಿನಲ್ಲಿ ಸುಮ್ನೆ ಕೂತಿತ್ತು. ಹೊಲಿಯುವ ಅಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು, ಮುಷ್ಟಿಯಲ್ಲಿ ಹಿಚುಕಿ ಬಿಟ್ಟು, ತುಂಬ ಒಳ್ಳೆಯದು ಅಂದರು. ಮೆತ್ತನೆಯ ಕ್ರೇಪ್ ರೇಷ್ಮೆ ಆದ್ದರಿಂದ ಇಳಿಬೀಳುತ್ತದೆ, ಗಟ್ಟಿ ಜರಿ ರೇಷ್ಮೆಯಾಗಿದ್ದರೆ ಸೊಂಟದ ಹತ್ತಿರ ಸೆಟೆದು ನಿಲ್ಲುತ್ತಿತ್ತಂತೆ. ಉದ್ದಕ್ಕೂ ಇರುವ ಜರಿ ಅಂಚನ್ನು ಸೀಳಿನ ಪಕ್ಕ ಇಡಿ ಅಂತ ನಾನು ಹಟ ಮಾಡಿದೆ. ಬೇಡ, ಭಾರಕ್ಕೆ ಹಾರಾಟವೇ ನಿಂತುಹೋಗುತ್ತದೆ ಅಂದರು. ಬದಲಿಗೆ ಸೆರಗಿನ ಜರಿ ಮುಂದಿನ ಹಾಳೆಯ ತುದಿಗೆ ಬರುವಂತೆ ಕತ್ತರಿಸಿದರು. ಅವರು ಹೇಳಿದ್ದೇ ಸರಿ.

ಅಳತೆ ತೆಗೆಯಲು ಅರ್ಧ ಗಂಟೆ. ತೋಳಿಗೇ ಮೂರು ಕಡೆ ಟೇಪು ಸುತ್ತಿದರು. ಹೊಲಿಗೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಬರುತ್ತದೆ, ರಾಗ್ಲಾನ್ ತೋಳು. 1960ರ ದಶಕದಲ್ಲಿ ಸೈಗಾನ್‌ನ ದರ್ಜಿಗಳು ತಂದ ಬದಲಾವಣೆ ಇದು, ಕಂಕುಳಲ್ಲಿ ಸುಕ್ಕು ಬೀಳದಿರಲಿ ಅಂತ. ಅದಕ್ಕೂ ಮೊದಲು, 1930ರ ದಶಕದಲ್ಲಿ, ಹನೋಯಿಯ ಕಲಾಶಾಲೆಯಲ್ಲಿ ಕಲಿತ ಕಾತ್ ತುವಾಂಗ್ ಎಂಬ ಚಿತ್ರಕಾರ ಐದು ತುಂಡಿನ ಹಳೆಯ ಸಡಿಲ ನಿಲುವಂಗಿಯನ್ನು ಮೈಗೊಪ್ಪುವ ಉಡುಪಾಗಿ ತಿದ್ದಿದ್ದ. ಅವನ ಹೆಸರಿನ ತುವಾಂಗ್ ಅಂದರೆ ಗೋಡೆ ಅಂತಲೂ ಆಗುತ್ತದೆ, ಅದಕ್ಕೇ ಫ್ರೆಂಚಿನಲ್ಲಿ 'ಲೆ ಮ್ಯೂರ್' ಅಂತ ಹೆಸರಿಟ್ಟುಕೊಂಡ. ಅದೇ ಶಾಲೆಯ ಲೆ ಫೊ ಕೂಡ ಈ ಉಡುಪಿಗೆ ಕೈ ಹಾಕಿದ, ಆಮೇಲೆ ಪ್ಯಾರಿಸ್‌ನಲ್ಲಿ ನೆಲೆಸಿ ರೇಷ್ಮೆಯ ಮೇಲೆ ಆವ್ ಯಾಯ್ ಉಟ್ಟ ಹೆಂಗಸರನ್ನು ಬರೆದ. ಬಟ್ಟೆಯೂ ಚಿತ್ರವೂ ಇಷ್ಟು ಹತ್ತಿರ ಇರುವುದು ನನಗೆ ಬಹಳ ಇಷ್ಟವಾಯಿತು.

ಕುಂದೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಐದು ದಿನ ತಡ, ಫೋನ್ ಕೂಡ ಎತ್ತಲಿಲ್ಲ. ಮೊದಲ ಸಲ ಹಾಕಿ ನೋಡಿದಾಗ ಪ್ಯಾಂಟು ಗಿಡ್ಡ. ಎಷ್ಟು ಎತ್ತರದ ಚಪ್ಪಲಿ ಹಾಕುತ್ತೀರಿ ಅಂತ ಅವರು ಕೇಳಬೇಕಿತ್ತು. ಮಡಿಕೆ ಬಿಚ್ಚಿ ಅಲ್ಲೇ ಸರಿಮಾಡಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಹೋಗುವಾಗ, ಆವ್ ಯಾಯ್ ಉಡುವ ದಿನ ಹಾಕುವ ಚಪ್ಪಲಿ ಮತ್ತು ಒಳಉಡುಪು ಹಾಕಿಕೊಂಡೇ ಅಳತೆ ಕೊಡಿ. ವಿಯೆಟ್ನಾಮಿಗರ ಹೊಸವರ್ಷದ ಟೆಟ್ ಹಬ್ಬ ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತದೆ. ಅದಕ್ಕೆ ಬೇಕಾದರೆ ನವೆಂಬರಿನಲ್ಲೇ ಕೊಟ್ಟುಬಿಡಿ. ಬಟ್ಟೆ ನನ್ನದು, ಪ್ಯಾಂಟಿನ ಬಟ್ಟೆ ಅವರದು, ಎಲ್ಲ ಸೇರಿ 140 ಡಾಲರ್ ಆಯಿತು. ಕೈಕೆಲಸಕ್ಕೆ ಜಾಸ್ತಿ ಅನಿಸಲಿಲ್ಲ.

ಅಷ್ಟು ದೂರ ಹೋದಮೇಲೆ ಅದೇ ರಸ್ತೆಯ ಫುಕ್ ಲೊಕ್ ಥೋ ನೋಡದೆ ಬರಬೇಡಿ. 1987ರಲ್ಲಿ ತೆರೆದ ಮಾಲ್. ಹೆಸರಿಗೆ ಭಾಗ್ಯ, ಸಂಪತ್ತು, ಆಯಸ್ಸು ಅಂತ ಅರ್ಥ. ಮೇಲೆ ಚಿನ್ನದಂಗಡಿಗಳು, ಕೆಳಗೆ ತಿಂಡಿ. ಎದುರೇ ಹಿಂಡಿ ಕೊಡುವ ಕಬ್ಬಿನ ಹಾಲು ಕುಡಿಯಿರಿ. ಟೆಟ್ ಮುಂಚೆ ಹೊರಗೆ ಹೂವಿನ ಸಂತೆ ನಡೆಯುತ್ತದೆ, ಹಳದಿ ಹೂವಿನ ಕೊಂಬೆಗಳ ನಡುವೆ ಅಜ್ಜಿ, ಮೊಮ್ಮಗಳು ಎಲ್ಲರೂ ಆವ್ ಯಾಯ್ ಉಟ್ಟು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. 1975ರಲ್ಲಿ ಯುದ್ಧ ಮುಗಿದು ಸೈಗಾನ್ ಉತ್ತರ ವಿಯೆಟ್ನಾಂ ಸೇನೆಯ ಕೈಸೇರಿದ ಮೇಲೆ ಇವರಲ್ಲಿ ಎಷ್ಟೋ ಜನ ನಿರಾಶ್ರಿತರಾಗಿ ಬಂದು ಮೊದಲು ಇಳಿದದ್ದು ಇಲ್ಲಿಂದ ದಕ್ಷಿಣಕ್ಕಿರುವ ಕ್ಯಾಂಪ್ ಪೆಂಡಲ್ಟನ್ ಸೇನಾನೆಲೆಯ ಡೇರೆಗಳಲ್ಲಿ. 1988ರ ಹೊತ್ತಿಗೆ ರಾಜ್ಯ ಸರ್ಕಾರವೇ ಈ ಬೀದಿಗಳಿಗೆ 'ಲಿಟಲ್ ಸೈಗಾನ್' ಎಂಬ ಹೆಸರನ್ನು ಒಪ್ಪಿತು. ಹದಿಮೂರು ವರ್ಷ ಅಷ್ಟೇ, ಯೋಚನೆ ಮಾಡಿ.

ಟೆಟ್ ದಿನ ಗೆಳತಿಯ ಮನೆಗೆ ಇದನ್ನೇ ಉಟ್ಟು ಹೋದೆ. ಅವಳ ತಾಯಿ ಮುಂದಿನ ಹಾಳೆ ಎತ್ತಿ ಜರಿಯನ್ನು ಬೆರಳಿನಲ್ಲಿ ತಡವಿದರು, ಒಳಗಿನ ಹೊಲಿಗೆ ತಿರುಗಿಸಿ ನೋಡಿದರು, ಯಾರು ಹೊಲಿದದ್ದು ಅಂತ ಕೇಳಿದರು. ವಿಳಾಸ ಬರೆದುಕೊಟ್ಟೆ. ಸೀರೆಯಲ್ಲಿ ಇನ್ನೂ ಎರಡು ಮೀಟರ್ ಉಳಿದಿದೆ, ಮಗಳಿಗೆ ಸಾಕಾಗುತ್ತದೆ. ಈ ಸಲ ಅವಳ ಚಪ್ಪಲಿಯನ್ನೂ ಜೊತೆಗೆ ಒಯ್ಯುತ್ತೇನೆ.